ಮೊದಲು ಬಾಕಿ, ಆಮೇಲೆ ದಾನ



ಉದ್ಯಮಿಗಳ ಹೊಣೆಗಾರಿಕೆ ಕುರಿತು ಕನ್ನಡದಲ್ಲಿ ಮಾತಿಗೆ ನಿಂತವರು ಕಾಯಕ, ದಾಸೋಹಗಳಿಂದ ಆರಂಭಿಸಿ ಗಾಂಧೀಜಿಯ ಧರ್ಮದರ್ಶಿತ್ವದಲ್ಲಿ ಮುಗಿಸುವುದು ವಾಡಿಕೆ. ಗಾಂಧೀಜಿಯ ಹತ್ತಿರ ನಾನೂ ಹೋಗುವವನೇ, ಆದರೆ ಬೇರೆ ಬಾಗಿಲಿನಿಂದ. ಅದಕ್ಕೂ ಮೊದಲು ಒಂದು ಸಂಬಳದ ಚೀಟಿ ನೋಡೋಣ.

ಬೆಂಗಳೂರು, ರಾಮನಗರ, ಮಂಡ್ಯದ ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಕೈಗೆ ತಿಂಗಳಿಗೊಮ್ಮೆ ಬರುವ ಚೀಟಿ ಅದು. ಒಂದು ಬದಿಗೆ ಗಳಿಕೆ, ಇನ್ನೊಂದು ಬದಿಗೆ ಕಡಿತ. ಗಳಿಕೆಯಲ್ಲಿ ಬೇಸಿಕ್, ಅದರ ಕೆಳಗೆ ಡಿಎ. ಕಡಿತದಲ್ಲಿ ಪಿಎಫ್‌ಗೆ ನೂರಕ್ಕೆ 12 ರೂಪಾಯಿ, ಇಎಸ್‌ಐಗೆ ನೂರಕ್ಕೆ 75 ಪೈಸೆ, ರಜೆ ಹಾಕಿದ ದಿನಗಳ ಲೆಕ್ಕ. ಇದರಲ್ಲಿ ಡಿಎ ಸಾಲಿನ ಮೇಲೆ ಪ್ರತಿ ಏಪ್ರಿಲ್‌ನಲ್ಲೂ ಎಲ್ಲರ ಕಣ್ಣು. ರಾಜ್ಯ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕೆ ಸೇರಿದ ತುಟ್ಟಿಭತ್ಯೆ ಅದು. ಬೆಲೆ ಸೂಚ್ಯಂಕ ಏರಿದ ಹಾಗೆ ಏಪ್ರಿಲ್ 1ರಿಂದ ಏರಬೇಕು. ಯಾರ ಔದಾರ್ಯವೂ ಇಲ್ಲಿಲ್ಲ. ಅಕ್ಕಿ, ಎಣ್ಣೆ, ಬಾಡಿಗೆಗೆ ಆಕೆ ಈಗಾಗಲೇ ಹೆಚ್ಚಿಗೆ ತೆತ್ತದ್ದನ್ನು ತಡವಾಗಿ ತುಂಬಿಕೊಡುವ ವ್ಯವಸ್ಥೆ, ಅಷ್ಟೆ.

2020ರ ಏಪ್ರಿಲ್‌ನಲ್ಲಿ ಆ ಸಾಲು ತಿಂಗಳಿಗೆ ಸುಮಾರು 417 ರೂಪಾಯಿ ಏರಬೇಕಿತ್ತು. ಕೊರೊನಾ ಕಾಲ. ಉದ್ಯಮಕ್ಕೆ ಹೊಡೆತ ಬಿದ್ದಿದೆ ಎಂಬ ಕಾರಣಕ್ಕೆ ಜುಲೈನಲ್ಲಿ ಸರ್ಕಾರ ಆ ಏರಿಕೆಯನ್ನು 2021ರ ಮಾರ್ಚ್ 31ರವರೆಗೆ ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಈ ಆದೇಶಕ್ಕೆ ತಡೆ ಕೊಟ್ಟಿತು. ತಡೆ ಬಂದ ಮೇಲೂ ಬಹಳಷ್ಟು ಕಾರ್ಖಾನೆಗಳು ಆ ಹಣ ಕೊಡಲಿಲ್ಲ. ವಿದೇಶಿ ಕಾರ್ಮಿಕ ಹಕ್ಕು ಸಂಸ್ಥೆಗಳು ಬಟ್ಟೆ ಕೊಳ್ಳುವ ಬ್ರಾಂಡ್‌ಗಳ ಬೆನ್ನುಬಿದ್ದು, ಬ್ರಾಂಡ್‌ಗಳು ಇಲ್ಲಿನ ಕಾರ್ಖಾನೆಗಳ ಮೇಲೆ ಒತ್ತಡ ತಂದು, ಬಾಕಿ ಸಂದಾಯ ಶುರುವಾಗುವ ಹೊತ್ತಿಗೆ 2022 ಬಂದಿತ್ತು.

417 ರೂಪಾಯಿ ಈ ಸಭಾಂಗಣದಲ್ಲಿ ಕುಳಿತ ನಮಗೆ ದೊಡ್ಡದಲ್ಲ. ರಾಜ್ಯದ ನಾಲ್ಕು ಲಕ್ಷ ಗಾರ್ಮೆಂಟ್ಸ್ ಕಾರ್ಮಿಕರಿಂದ ಗುಣಿಸಿ ನೋಡಿ: ತಿಂಗಳಿಗೆ 16 ಕೋಟಿ 68 ಲಕ್ಷ, ವರ್ಷಕ್ಕೆ 200 ಕೋಟಿ. ಕಷ್ಟಕಾಲದಲ್ಲಿ ಮಾಲೀಕರು ಕಾರ್ಮಿಕರಿಗೆ ನೆರವಾದ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ, ಅವುಗಳಲ್ಲಿ ಹಲವು ನಿಜವೂ ಹೌದು. ಈ ಲೆಕ್ಕದ ದಿಕ್ಕು ಮಾತ್ರ ತಿರುಗುಮುರುಗು. ತಿಂಗಳಿಗೆ ಹತ್ತು ಸಾವಿರದ ಆಸುಪಾಸು ದುಡಿಯುವ ಹೆಂಗಸರು ತಮಗಿಂತ ಸಾವಿರ ಪಟ್ಟು ಸ್ಥಿತಿವಂತರಿಗೆ ವರ್ಷಕ್ಕೆ 200 ಕೋಟಿ ಸಾಲ ಕೊಟ್ಟರು. ಬಡ್ಡಿಯಿಲ್ಲ, ಪತ್ರವಿಲ್ಲ, ಕೊಡುತ್ತೀರಾ ಎಂದು ಯಾರೂ ಅವರನ್ನು ಕೇಳಲೂ ಇಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ. ಆರ್ಥಿಕ ಮುಗ್ಗಟ್ಟಿನಲ್ಲಿ ಉಳ್ಳವರಿಗೂ ಇಲ್ಲದವರಿಗೂ ಇರುವ ದೊಡ್ಡ ಅಂತರ ಕಾಯುವ ಶಕ್ತಿಯದು. ಆಸ್ತಿ ಎಂದರೆ ಕಾಯಬಲ್ಲ ತಾಕತ್ತು. ಆರು ತಿಂಗಳು ವರಮಾನ ನಿಂತರೂ ಮನೆ ನಡೆಯುತ್ತದೆ ಎನ್ನುವವನು ಚೌಕಾಸಿಗೆ ಕೂರಬಲ್ಲ. ಹತ್ತನೇ ತಾರೀಖಿಗೆ ಬಾಡಿಗೆ ಕಟ್ಟಬೇಕಾದವಳು ಕೂರಲಾರಳು. ಹಾಗಾಗಿ ಇಂಥ ಹೊತ್ತಿನಲ್ಲಿ ಮಾಲೀಕರ ಹೊಣೆ ದಾನದಿಂದ ಶುರುವಾಗುವುದಿಲ್ಲ, ಬಾಕಿ ತೀರಿಸುವುದರಿಂದ ಶುರುವಾಗುತ್ತದೆ. ಯಾರು ಕಾಯಲಾರರೋ ಅವರ ಬಾಕಿ ಮೊದಲು.

ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಒಂದೆರಡು ಅಂಕಿ ಸಾಕು. ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 2022–23ರಲ್ಲಿ ಭಾರತದ ಒಟ್ಟು ಆದಾಯದಲ್ಲಿ ನೂರಕ್ಕೆ 22.6 ಪಾಲು ಮೇಲ್ತುದಿಯ ಶೇಕಡಾ ಒಂದರಷ್ಟು ಜನರದು. ಸಂಪತ್ತಿನಲ್ಲಿ ಅವರ ಪಾಲು ನೂರಕ್ಕೆ 40.1. ಕೆಳಗಿನ ಅರ್ಧ ಜನಸಂಖ್ಯೆಗೆ ಸಂಪತ್ತಿನಲ್ಲಿ ಸಿಗುವುದು ನೂರಕ್ಕೆ 6.4. ನಮ್ಮ ಅಂಕಿಅಂಶಗಳ ಗುಣಮಟ್ಟದ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ತಕರಾರಿದೆ, ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಆದಾಯದ ಅಂತರಕ್ಕಿಂತ ಆಸ್ತಿಯ ಅಂತರ ದೊಡ್ಡದು ಎಂಬುದನ್ನು ಮಾತ್ರ ಗಮನಿಸಿ. ಒಳ್ಳೆಯ ಕಾಲದಲ್ಲಿ ಮನೆ ನಡೆಸುವುದು ಆದಾಯ. ಕೆಟ್ಟ ಕಾಲ ಬಂದಾಗ ಆಸ್ತಿಯೇ ಗತಿ.

ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಆಸ್ತಿ ಅಂತ ಇರುವುದೇನು? ಕಿವಿಯ ಓಲೆ, ಸಂಘದಲ್ಲಿ ಕಟ್ಟಿದ ಉಳಿತಾಯ, ಮತ್ತೆ ಪಿಎಫ್. ಈ ಪಿಎಫ್ ಎಷ್ಟು ಮುಖ್ಯ ಎನ್ನುವುದು ಊರಿಗೆಲ್ಲ ಗೊತ್ತಾದದ್ದು 2016ರ ಏಪ್ರಿಲ್ 18 ಮತ್ತು 19ರಂದು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ದೊಡ್ಡ ಕಾರ್ಮಿಕ ಸಂಘಗಳ ಕರೆಯಿಲ್ಲದೆ, ನಾಯಕರಿಲ್ಲದೆ, ಸಾವಿರಾರು ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಬೊಮ್ಮನಹಳ್ಳಿಯ ಹೊಸೂರು ರಸ್ತೆಗೆ ಬಂದು ಕುಳಿತರು. ಎರಡನೇ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರ ಲಾಠಿಯೂ ಬೀಸಿತು. 19ರ ಸಂಜೆಗೆ ಸರ್ಕಾರ ನಿಯಮ ವಾಪಸ್ ಪಡೆಯಿತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಅದು ರಸ್ತೆ ತಡೆ. ಕುಳಿತವರಿಗೆ, ತಮ್ಮ ಇದ್ದೊಂದು ಆಸ್ತಿಯ ಮೇಲೆ ಬಿದ್ದ ಕೈ.

ಈಗ ಅಹಮದಾಬಾದಿಗೆ ಹೋಗೋಣ. ಅಲ್ಲಿಯದೂ ಬಟ್ಟೆಯದೇ ಕಥೆ, ರೋಗದ ಕಾಲದ್ದೇ ಕಥೆ.

1917ರಲ್ಲಿ ಆ ಊರಿಗೆ ಪ್ಲೇಗ್ ಹೊಕ್ಕಿತು. ಜನ ಊರು ಬಿಡತೊಡಗಿದರು. ಆಗ ಯುದ್ಧದ ದಿನ. ವಿಲಾಯತಿ ಬಟ್ಟೆ ಬರುವುದು ಕಡಿಮೆಯಾಗಿ ಇಲ್ಲಿನ ಗಿರಣಿಗಳಿಗೆ ಕೈತುಂಬ ಲಾಭ. ಅಂಥ ಹೊತ್ತಿನಲ್ಲಿ ಮಗ್ಗ ನಿಂತರೆ ಹೇಗೆ? ಕೆಲಸಗಾರರು ಊರಲ್ಲೇ ಉಳಿಯಲಿ ಎಂದು ಮಾಲೀಕರು ಪ್ಲೇಗ್ ಬೋನಸ್ ಕೊಟ್ಟರು. ಕೆಲವರಿಗೆ ಅದು ಸಂಬಳದ ನೂರಕ್ಕೆ 70–80ರವರೆಗೂ ಮುಟ್ಟಿತ್ತು. ರೋಗ ಇಳಿಯಿತು. 1918ರ ಆರಂಭಕ್ಕೆ ಬೋನಸ್ ನಿಲ್ಲಿಸುತ್ತೇವೆ ಎಂದರು. ಅಷ್ಟರಲ್ಲಿ ಕಾಳುಕಡಿಯ ಬೆಲೆ ಯುದ್ಧದಿಂದಾಗಿ ಏರಿ ಕುಳಿತಿತ್ತು. ನೇಕಾರರು ನೂರಕ್ಕೆ 50 ಹೆಚ್ಚಳ ಕೇಳಿದರು. ಮಾಲೀಕರು 20 ಎಂದರು. ಗಾಂಧೀಜಿ ಮತ್ತು ಸಂಗಡಿಗರು ಲೆಕ್ಕ ಹಾಕಿ 35 ನ್ಯಾಯ ಎಂದು ಹೇಳಿ, ಕೆಲಸಗಾರರನ್ನೂ ಅದಕ್ಕೆ ಒಪ್ಪಿಸಿದರು.

ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ. ಈ ಅಕ್ಕ–ತಮ್ಮಂದಿರ ಚಿತ್ರ ಎಷ್ಟು ಚಂದವೆಂದರೆ ಎಲ್ಲರೂ ಅದನ್ನೇ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅಂಬಾಲಾಲರ ಇನ್ನೊಂದು ಸಂಗತಿ ಹೆಚ್ಚು ಮುಖ್ಯ. ಗಾಂಧೀಜಿ ಆಶ್ರಮ ಕಟ್ಟಿದ ಮೊದಲ ವರ್ಷವೇ ಅಸ್ಪೃಶ್ಯ ಕುಟುಂಬವೊಂದನ್ನು ಒಳಗೆ ಸೇರಿಸಿಕೊಂಡಾಗ ಊರಿನ ದಾನಿಗಳೆಲ್ಲ ಕೈ ಹಿಂತೆಗೆದರು. ಆಶ್ರಮದ ಹಣ ಮುಗಿದು, ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣ ಎಂಬ ಮಾತು ನಡೆದಿದ್ದಾಗ ಸೇಠರೊಬ್ಬರ ಕಾರು ಬಂದು ನಿಂತಿತು. 13,000 ರೂಪಾಯಿ ಕೈಗಿಟ್ಟು ಹೊರಟುಹೋದರು. ಆ ಸೇಠರು ಅಂಬಾಲಾಲರೇ. ಹೆಸರು ಬೇಡ, ಹಾರ ಬೇಡ, ಜಾತಿಯ ಗೊಡವೆ ಬೇಡ. ಅಷ್ಟು ದೊಡ್ಡ ದಾನ. ಅದೇ ಮನುಷ್ಯ ತನ್ನ ಮಗ್ಗದವರ ನೂರಕ್ಕೆ 15ರ ವ್ಯತ್ಯಾಸಕ್ಕೆ ಪಟ್ಟು ಹಿಡಿದು ಕುಳಿತರು. ಇದನ್ನು ಕಪಟವೆನ್ನಲು ನನಗೆ ಮನಸ್ಸಿಲ್ಲ. ದಾನ ಕೊಡುವಾಗ ಕೊಡುವವನೇ ಒಡೆಯ. ಬಾಕಿ ತೀರಿಸುವಾಗ ಎದುರಿನವನಿಗೂ ಹಕ್ಕಿದೆ ಎಂದು ಒಪ್ಪಬೇಕಾಗುತ್ತದೆ. ಎಷ್ಟೋ ಸಜ್ಜನ ಮಾಲೀಕರಿಗೆ ಹಣ ಬಿಡುವುದು ಕಷ್ಟವಾಗುವುದಿಲ್ಲ, ಈ ಒಪ್ಪಿಗೆ ಕಷ್ಟವಾಗುತ್ತದೆ. ಮಾಲೀಕ–ಕೆಲಸಗಾರರದು ತಂದೆ–ಮಕ್ಕಳ ಸಂಬಂಧ, ನಡುವೆ ಮೂರನೆಯವರೇಕೆ ಎಂದು ಅಹಮದಾಬಾದಿನ ಮಾಲೀಕರು ವಾದಿಸಿದ್ದೂ ಇದೇ ಕಾರಣಕ್ಕೆ.

ಫೆಬ್ರವರಿ 22ಕ್ಕೆ ಗಿರಣಿಗಳಿಗೆ ಬೀಗ ಬಿತ್ತು. ದಿನವೂ ಸಾಬರಮತಿ ದಂಡೆಯ ಜಾಲಿ ಮರದಡಿ ಸಭೆ, ದಿನಕ್ಕೊಂದು ಕರಪತ್ರ. ಹೊರಗಿನ ಹಣ ತಂದು ಮುಷ್ಕರ ನಡೆಸಲು ಗಾಂಧೀಜಿ ಒಪ್ಪಲಿಲ್ಲ. ಕೆಲವರು ಆಶ್ರಮದ ಕಟ್ಟಡಕ್ಕೆ ಮರಳು ಹೊತ್ತು ಕೂಲಿ ಪಡೆದರು. ವಾರ ಎರಡಾಯಿತು, ಮೂರಾಯಿತು. ಬುಟ್ಟಿ ಹೊತ್ತವರ ಮನೆಯಲ್ಲಿ ಹಿಟ್ಟು ಮುಗಿಯುತ್ತ ಬಂತು. ಮಾಲೀಕರ ಮನೆಯಲ್ಲಿ ಏನೂ ಮುಗಿದಿರಲಿಲ್ಲ. ನೀವು ಕಾರಿನಲ್ಲಿ ಓಡಾಡುತ್ತೀರಿ, ಒಳ್ಳೆಯ ಊಟ ಮಾಡುತ್ತೀರಿ, ಸಾಯುವ ಕಷ್ಟ ನಮಗೆ ಎಂಬ ಗೊಣಗಾಟ ಕೆಲಸಗಾರರ ಕಡೆಯಿಂದ ಗಾಂಧೀಜಿಯ ಕಿವಿಗೂ ಬಿತ್ತು. ಮಾರ್ಚ್ 15ರಂದು ಅವರು ಉಪವಾಸ ಕುಳಿತರು. ಮೂರನೇ ದಿನ ಮುಗಿದು ರಾಜಿಯಾಯಿತು. ಮಾಲೀಕರು ತಮಗೆ ಸ್ನೇಹಿತರಾದ್ದರಿಂದ ಉಪವಾಸ ಅವರ ಮೇಲೆ ಒತ್ತಾಯವಾಯಿತು, ಅದರಲ್ಲಿ ದೋಷವಿತ್ತು ಎಂದು ಗಾಂಧೀಜಿಯೇ ಬರೆದುಕೊಂಡಿದ್ದಾರೆ. ರಾಜಿಯ ಕರಾರು ವಿಚಿತ್ರವಾಗಿದೆ: ಮೊದಲ ದಿನ 35, ಕೆಲಸಗಾರರ ಮಾತು ಉಳಿಯಲಿ, ಎರಡನೇ ದಿನ 20, ಮಾಲೀಕರ ಮಾತು ಉಳಿಯಲಿ, ಮೂರನೇ ದಿನದಿಂದ ಇಪ್ಪತ್ತೇಳೂವರೆ, ಮಧ್ಯಸ್ಥರ ತೀರ್ಪು ಬರುವತನಕ. ಮಧ್ಯಸ್ಥರಾಗಿದ್ದ ವಿದ್ವಾಂಸ ಆನಂದಶಂಕರ ಧ್ರುವ ಅವರು ಕೊನೆಗೆ ಕೊಟ್ಟ ತೀರ್ಪು 35.

ಅಲ್ಲಿಗೆ ಮೂರು ವಾರ ಹಸಿದದ್ದು, ಮೂರು ದಿನ ಉಪವಾಸ ಕುಳಿತದ್ದು, ಎಲ್ಲವೂ ಮೊದಲೇ ಲೆಕ್ಕ ಹಾಕಿಟ್ಟಿದ್ದ ಅಂಕಿಗೇ ಬಂದು ನಿಂತಿತು. ಮಾಲೀಕರಿಗೆ ಈ ತಡದಿಂದ ಸಿಕ್ಕಿದ್ದೇನು ಎಂದು ಕೇಳಬಹುದು. ಎದುರಾಳಿ ಕಾಯಲಾರದೆ ಸೋಲುತ್ತಾನೆ ಎಂಬ ಜೂಜು ಅದು. ಆ ಸಲ ಗೆಲ್ಲಲಿಲ್ಲ. ಬಹಳ ಸಲ ಗೆಲ್ಲುತ್ತದೆ.

ಪ್ಲೇಗ್ ಬೋನಸ್ಸನ್ನೂ ಇದೇ ಕಣ್ಣಿನಲ್ಲಿ ನೋಡಬೇಕು. ಅದನ್ನು ಕೊಟ್ಟಾಗ ಮಾಲೀಕರೇ ಕಾಯಲಾರದ ಸ್ಥಿತಿಯಲ್ಲಿದ್ದರು. ಕೆಲಸಗಾರ ಊರು ಬಿಟ್ಟು ಹೋಗಬಲ್ಲವನಾಗಿದ್ದ. ನೂರ ಮೂರು ವರ್ಷದ ಬಳಿಕ ನಮ್ಮ ರಾಜ್ಯದಲ್ಲೂ ಕೆಲಸಗಾರರು ಊರು ಬಿಡಲು ಹೊರಟರು. 2020ರ ಮೇ ತಿಂಗಳು. ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್‌ಗಳ ಕಟ್ಟಡ ಕಾರ್ಮಿಕರಿಗೆ ಶ್ರಮಿಕ ರೈಲು ಸಿದ್ಧವಾಗಿದ್ದವು. ಮೇ 5ರಂದು ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಮರುದಿನದಿಂದ ರೈಲು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶದಾದ್ಯಂತ ಟೀಕೆ ಬಂದು ಎರಡೇ ದಿನಕ್ಕೆ ಆ ತೀರ್ಮಾನ ಹಿಂದೆ ಸರಿದರೂ, ಅದು ಹೊಳೆದ ಬಗೆ ಮರೆಯುವಂಥದ್ದಲ್ಲ. ಅಹಮದಾಬಾದಿನ ಸೇಠರು ಕೆಲಸಗಾರರನ್ನು ಉಳಿಸಿಕೊಳ್ಳಲು ಬೋನಸ್ ಕೊಟ್ಟರು. ಇಲ್ಲಿ ರೈಲು ನಿಲ್ಲಿಸಲಾಯಿತು.

2020ರ ಸರ್ಕಾರಿ ಆದೇಶಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಕಾಯುವ ಶಕ್ತಿಯನ್ನು ಯಾರಿಗೆ ಹಂಚಲಾಯಿತು ಎಂಬುದು ಕಾಣುತ್ತದೆ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ವಿನಾಯಿತಿ ಪ್ರಕಟಿಸಿತು, ಆಮೇಲೆ ಅದು ಆಗಸ್ಟ್ ಕೊನೆಯವರೆಗೆ ಬೆಳೆಯಿತು. ಹೊಸ ದಿವಾಳಿ ಅರ್ಜಿಗಳನ್ನು ವರ್ಷದ ಮಟ್ಟಿಗೆ ತಡೆಹಿಡಿಯಲಾಯಿತು. ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿ ರೂಪಾಯಿಯ ಸಾಲ ಖಾತರಿ ಬಂತು. ಇದ್ಯಾವುದೂ ತಪ್ಪಲ್ಲ, ಕಾರ್ಖಾನೆ ಮುಳುಗಿದರೆ ಕೆಲಸಗಾರನೂ ಮುಳುಗುತ್ತಾನೆ. ಕೆಲಸಗಾರನ ಪಾಲಿಗೂ ಒಂದು ಆದೇಶ ಬಂದಿತ್ತು. ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ಮುಚ್ಚಿದ ಅವಧಿಯ ಸಂಬಳವನ್ನು ಕಡಿತವಿಲ್ಲದೆ ಸಕಾಲಕ್ಕೆ ಕೊಡಬೇಕು, ಮನೆಮಾಲೀಕರು ಒಂದು ತಿಂಗಳ ಬಾಡಿಗೆ ಕೇಳಬಾರದು ಎಂದಿತು. ಮೇ 18ರಿಂದ ಅದನ್ನು ಕೈಬಿಟ್ಟಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಸಂಬಳ ಕೊಡದವರ ಮೇಲೆ ಬಲವಂತದ ಕ್ರಮ ಬೇಡ, ಎರಡೂ ಕಡೆಯವರು ಕೂತು ಮಾತಾಡಿಕೊಳ್ಳಲಿ ಎಂದು ಜೂನ್ 12ರಂದು ಕೋರ್ಟು ಹೇಳಿತು. ಕೂತು ಮಾತಾಡಲು ಒಬ್ಬರಿಗೆ ಪುರಸೊತ್ತಿತ್ತು. ಇನ್ನೊಬ್ಬರು ಆಗಲೇ ಊರಿನ ದಾರಿ ಹಿಡಿದಿದ್ದರು.

ದಾನದ ಲೆಕ್ಕವೂ ಆ ವಸಂತದಲ್ಲೇ ಸ್ಪಷ್ಟವಾಯಿತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ನೂರಕ್ಕೆ 2ನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಪಿಎಂ ಕೇರ್ಸ್ ನಿಧಿಗೆ ಕೊಟ್ಟದ್ದು ಸಿಎಸ್‌ಆರ್ ಆಗುತ್ತದೆ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಮಾರ್ಚ್‌ನಲ್ಲೇ ಹೇಳಿತ್ತು. ಏಪ್ರಿಲ್ 10ರ ಪ್ರಶ್ನೋತ್ತರದಲ್ಲಿ ಇನ್ನೊಂದು ಪ್ರಶ್ನೆ ಬಂತು: ಲಾಕ್‌ಡೌನ್ ಅವಧಿಯ ಸಂಬಳ ಸಿಎಸ್‌ಆರ್ ಆಗುತ್ತದೆಯೇ? ಉತ್ತರ, ಇಲ್ಲ. ಮಾಮೂಲಿ ದಿನಗಳಲ್ಲಿ ಸಂಬಳ ಕೊಡುವುದು ಕರಾರಿನ ಮತ್ತು ಕಾನೂನಿನ ಬಾಧ್ಯತೆ, ಲಾಕ್‌ಡೌನ್‌ನಲ್ಲಿ ಕೊಡುವುದು ನೈತಿಕ ಬಾಧ್ಯತೆ ಎಂದಿತು ಸಚಿವಾಲಯ. ಮೊದಲ ಅರ್ಧ ನನಗೆ ಪೂರ್ತಿ ಒಪ್ಪಿಗೆ: ಸಂಬಳವನ್ನು ದಾನದ ಖಾತೆಗೆ ಬರೆಯಬಾರದು. ಎರಡನೇ ಅರ್ಧ ಓದಿದಾಗ ಮಾತ್ರ ಮನಸ್ಸು ಕುಟುಕಿತು. ಮುಗ್ಗಟ್ಟು ಬಂದ ಕೂಡಲೇ ಕಾನೂನಿನ ಬಾಧ್ಯತೆ ನೈತಿಕ ಬಾಧ್ಯತೆಗೆ ಇಳಿಯಿತಲ್ಲ. ನೈತಿಕ ಬಾಧ್ಯತೆ ಮೀರಿದ್ದಕ್ಕೆ ಯಾವ ಲೇಬರ್ ಇನ್‌ಸ್ಪೆಕ್ಟರೂ ನೋಟಿಸ್ ಕೊಡುವುದಿಲ್ಲ.

2020ರ ಜೂನ್‌ನಲ್ಲೇ ಶ್ರೀರಂಗಪಟ್ಟಣದ ಒಂದು ಗಾರ್ಮೆಂಟ್ಸ್ ಘಟಕದಲ್ಲಿ ಯಂತ್ರಗಳನ್ನು ಸಾಗಿಸುವುದು ಶುರುವಾಯಿತು. 1,200ಕ್ಕೂ ಹೆಚ್ಚು ಕೆಲಸಗಾರರು, ಬಹುಪಾಲು ಹೆಂಗಸರು. ವಿದೇಶಿ ಆರ್ಡರ್ ಇಲ್ಲ ಎಂಬ ಕಾರಣ ಹೇಳಿ ಲೇಆಫ್ ನೋಟಿಸು ಹಾಕಿದರು. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ ಹಾಗೆ ಮಾಡಲು ಸರ್ಕಾರದ ಪೂರ್ವಾನುಮತಿ ಬೇಕೆಂದು ಆಗಿನ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿತ್ತು. ಅನುಮತಿ ಇರಲಿಲ್ಲ. ಹೆಂಗಸರು ಕಾರ್ಖಾನೆಯ ಆವರಣದಲ್ಲೇ ವಾರಗಟ್ಟಲೆ ಧರಣಿ ಕುಳಿತರು. ಯಂತ್ರ ಹೊರಗೆ ಹೋದರೆ ಚೌಕಾಸಿಗೆ ಏನೂ ಉಳಿಯುವುದಿಲ್ಲ ಎಂಬುದು ಅವರಿಗೆ ಯಾವ ವಕೀಲರೂ ಹೇಳಿಕೊಡದೆ ಗೊತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನೂರರ ಮಿತಿಯನ್ನು 300ಕ್ಕೆ ಏರಿಸಿದೆ. ಅಂದರೆ 250 ಜನರ ಘಟಕ ಮುಚ್ಚುವವರು ಇನ್ನು ಯಾರನ್ನೂ ಕೇಳಬೇಕಿಲ್ಲ.

ಮಾಲೀಕರೆಲ್ಲ ಒಂದೇ ಅಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಪರಿಚಿತರೊಬ್ಬರಿದ್ದಾರೆ; ಎರಡು ಶೆಡ್, ಕೈಬೆರಳಲ್ಲಿ ಎಣಿಸುವಷ್ಟು ಕೆಲಸಗಾರರು. ಸಂಬಳದ ಮಾತು ಎತ್ತಿದಾಗ, “ಸಾರ್, ಕೊಡಬಾರದು ಅಂತೇನಿಲ್ಲ. ಮೇಲಿಂದ ಬಿಲ್ ಪಾಸಾಗ್ಬೇಕಲ್ಲ. ಮನೆ ಪತ್ರ ಆಗಲೇ ಬ್ಯಾಂಕಲ್ಲಿದೆ” ಎಂದರು. ಷೇರು ಕಂಪನಿಯ ಯಜಮಾನನ ಮನೆಗೆ ಕಂಪನಿಯ ನಷ್ಟ ತಟ್ಟದಂತೆ ಕಾನೂನೇ ಗೋಡೆ ಕಟ್ಟಿದೆ. ಇವರ ಮನೆಗೆ ಆ ಗೋಡೆಯಿಲ್ಲ. ಇವರ ಸರಕು ಕೊಂಡ ದೊಡ್ಡ ಕಂಪನಿ ತೊಂಬತ್ತು ದಿನ, ನೂರಿಪ್ಪತ್ತು ದಿನ ಬಿಲ್ಲು ಇಟ್ಟುಕೊಂಡು ಕೂರುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದ ಗಡುವಿದೆ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದೂ ಇದೆ. ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಇರುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ಬಿಗಿ ಬಂದಿದೆ: ಗಡುವಿನೊಳಗೆ ಕೊಡದ ಬಿಲ್ಲನ್ನು, ನಿಜವಾಗಿ ಪಾವತಿಸುವತನಕ ಖರ್ಚೆಂದು ತೋರಿಸುವಂತಿಲ್ಲ. ಉಪದೇಶಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡೀತು.

ಗಾರ್ಮೆಂಟ್ಸ್‌ನಲ್ಲೂ ಹೀಗೇ. ಯುರೋಪು, ಅಮೆರಿಕದ ಬ್ರಾಂಡ್‌ಗಳು 2020ರಲ್ಲಿ ಹೊಲಿದು ಮುಗಿದ ಬಟ್ಟೆಯ ಆರ್ಡರನ್ನೂ ರದ್ದು ಮಾಡಿದವು. ದೈವಿಕ ವಿಪತ್ತಿನ ಕರಾರು ತೋರಿಸಿ ಕೈತೊಳೆದುಕೊಂಡವು. ಕಾರ್ಖಾನೆ ಮಾಲೀಕ ಕಾದ. ತಾನು ಕಾದದ್ದನ್ನು ಕೆಳಗಿನವರ ಮೇಲೆ ಇಳಿಸಿದ. ಮುಗ್ಗಟ್ಟು ಮೇಲಿನಿಂದ ಕೆಳಗೆ ದಾಟುತ್ತ ಬಂದು, ಇನ್ನು ಯಾರಿಗೂ ದಾಟಿಸಲಾರದವಳ ಸಂಬಳದ ಚೀಟಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ಸರಪಳಿಯಲ್ಲಿ ಮೇಲಿದ್ದಷ್ಟೂ ಹೊಣೆ ಹೆಚ್ಚು ಎನ್ನುತ್ತೇನೆ. ಪೀಣ್ಯದ ಎರಡು ಶೆಡ್ಡಿನವರನ್ನೂ ಅವರ ಬಿಲ್ಲು ಹಿಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಏನು ಮಾಡಬಹುದು? ದೊಡ್ಡ ಮಾತು ಬೇಡ. ಸಿಎಸ್‌ಆರ್‌ಗೆ ಎಷ್ಟು ಖರ್ಚಾಯಿತು ಎಂಬ ವರದಿಯನ್ನು ಕಂಪನಿ ವರ್ಷವರ್ಷ ನಮೂನೆಯಲ್ಲಿ ತುಂಬಿ ಕೊಡಬೇಕು. ಸಣ್ಣ ಉದ್ಯಮಗಳಿಗೆ 45 ದಿನ ಮೀರಿದ ಬಾಕಿ ಇದ್ದರೆ ಅದಕ್ಕೂ ಆರು ತಿಂಗಳಿಗೊಂದು ನಮೂನೆ ಇದೆ. ಪಿಎಫ್, ಇಎಸ್‌ಐ ಬಾಕಿ ಆರು ತಿಂಗಳು ದಾಟಿದರೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಲೇಬೇಕು. ಕೆಲಸಗಾರರಿಗೆ ಕೊಡಬೇಕಾದ ಡಿಎ ವ್ಯತ್ಯಾಸ, ಲೇಆಫ್ ಪರಿಹಾರ, ಗ್ರಾಚ್ಯುಟಿ ಇವನ್ನೂ ಹಾಗೇ ಒಂದು ಪುಟದಲ್ಲಿ ಬರೆಯಿಸಿ: ಯಾವ ತಾರೀಖಿಗೆ ಕೊಡಬೇಕಿತ್ತು, ಯಾವ ತಾರೀಖಿಗೆ ಕೊಟ್ಟರು, ತಡವಾಗಿದ್ದರೆ ಕಾರಣವೇನು. ಅದೇ ಅವಧಿಯಲ್ಲಿ ಷೇರುದಾರರಿಗೆ ಲಾಭಾಂಶ ಹಂಚಿದ್ದರೆ ಆ ಮೊತ್ತವೂ ಅದೇ ಪುಟದಲ್ಲಿರಲಿ.

ಈ ಮಾತು ಹೇಳಿದಾಗ, ಹಾಗೆ ಬರೆದರೆ ಬ್ಯಾಂಕಿನವರು ಹೆದರುತ್ತಾರೆ ಎಂದು ಉದ್ಯಮದ ಗೆಳೆಯರು ಆಕ್ಷೇಪಿಸುತ್ತಾರೆ. ಕಾರ್ಮಿಕರ ಬಾಕಿ ಸಾಲವೇ ಆಗಿರುವಾಗ ಸಾಲ ಕೊಡುವ ಇನ್ನೊಬ್ಬರಿಗೆ ಅದು ಗೊತ್ತಿರುವುದು ಸರಿಯಲ್ಲವೇ? ಷೇರುಪೇಟೆಗೆ ಹೋಗದ ಖಾಸಗಿ ಕಂಪನಿಗಳಿಗೆ ವಾರ್ಷಿಕ ವರದಿ ಓದುವವರೇ ಇರುವುದಿಲ್ಲ, ನಿಜ. ಅವರು ಕಾರ್ಖಾನೆಯ ಗೇಟಿನ ಬಳಿ ನೋಟಿಸ್ ಬೋರ್ಡಿಗೆ ಹಾಕಲಿ, ಕನ್ನಡದಲ್ಲಿ. ಕನಿಷ್ಠ ವೇತನದ ದರಪಟ್ಟಿಯನ್ನು ಅಲ್ಲಿ ತೂಗುಹಾಕಬೇಕೆಂಬ ನಿಯಮ ಹೇಗೂ ಇದೆ; ಪಕ್ಕದಲ್ಲಿ ಇನ್ನೊಂದು ಹಾಳೆಗೆ ಜಾಗ ಸಿಗುತ್ತದೆ.